ಕಲಬುರಗಿಯ ಹಳೇ ಖಾನಾವಳಿಗಳು: ರೊಟ್ಟಿ ಊಟಕ್ಕೆ ಮತ್ತೆ ಹೋಗಬಹುದು

ಸೂಪರ್ ಮಾರ್ಕೆಟ್, ಗಂಜ್ (ಕಾಳುಕಡಿ ಮಾರುಕಟ್ಟೆ), ಸ್ಟೇಷನ್ ರಸ್ತೆ ಸುತ್ತಲಿನ ಓಣಿಗಳಲ್ಲಿರುವ ಹಳೇ ಖಾನಾವಳಿಗಳನ್ನು ಊರಿನವರೇ ಮರೆತಂತಿದೆ. ನೆಂಟರು ಬಂದರೆ ಎಸಿ ಹಾಲ್ ಇರುವ ಫ್ಯಾಮಿಲಿ ರೆಸ್ಟೋರೆಂಟ್, ಪನೀರ್ ಮಸಾಲಾ, ತಂದೂರಿ ರೋಟಿ. ಖಾನಾವಳಿ ಅಂದರೆ ಮಾಲು ಮಾರಲು ಅಡತಿ ಅಂಗಡಿಗೆ ಬಂದ ರೈತರಿಗೆ, ತಿಂಗಳ ಊಟದ ಹುಡುಗರಿಗೆ ಅಂತ ಬಿಟ್ಟಾಗಿದೆ. ಈಗ ಮತ್ತೆ ಹೋಗಿ ಕೂತರೆ ಊಟ ನೆನಪಿನಲ್ಲಿದ್ದುದಕ್ಕಿಂತ ಛಲೋ ಇದೆ. ಮೆನು ಬೆಳೆಸದೆ ಇದ್ದದ್ದೇ ಅವುಗಳನ್ನು ಉಳಿಸಿದೆ: ಎರಡು ಪಲ್ಯ, ಬ್ಯಾಳಿ, ಹಿಂಡಿ (ಚಟ್ನಿಪುಡಿ), ಮೊಸರು, ಕೂತ ಮೇಲೆ ಬಡಿಯುವ ರೊಟ್ಟಿ.

ಯಾವ ಖಾನಾವಳಿಯನ್ನೇ ಆಗಲಿ ರೊಟ್ಟಿಯಿಂದಲೇ ಅಳೆಯಬೇಕು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಕುದಿಯುವ ಎಸರು ಬಿದ್ದಾಗ ಮಾತ್ರ ಜಿಗಿ ಬರುತ್ತದೆ. ಬೀಸಿ ಬಹಳ ದಿನ ಇಟ್ಟ ಹಿಟ್ಟಾದರೆ ಎಸರು ಹಾಕಿದರೂ ಜಿಗಿ ಸಾಲದು, ಬಡಿಯುವಾಗಲೇ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರಲ್ಲ, ಅದು ಒಣಹಿಟ್ಟು ತೆಗೆಯಲು. ಆ ನೀರು ಆರುತ್ತಿದ್ದ ಹಾಗೆ ಮಗುಚಬೇಕು. ತಡವಾದರೆ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ, ಆವಿ ಅಲ್ಲಿಂದಲೇ ಹೊರಹೋಗಿ ರೊಟ್ಟಿ ಉಬ್ಬುವುದಿಲ್ಲ. ಅವಸರ ಮಾಡಿದರೆ ಹಂಚಿಗೆ ಅಂಟುತ್ತದೆ. ತಾಟಿಗೆ ಬಂದ ರೊಟ್ಟಿಯ ಎರಡು ಪದರ ಬೆರಳಿಂದ ಬಿಡಿಸಲು ಬಂದರೆ ಕೆಲಸ ಗೊತ್ತಿದ್ದ ಕೈ. ಹಿಂಗಾರಿನ ಮಾಲದಂಡಿ ಜೋಳವಾದರೆ ಬೆಳ್ಳಗಿರುತ್ತದೆ, ಬರೀ ರೊಟ್ಟಿ ಅಗಿದರೂ ಸಣ್ಣಗೆ ಸಿಹಿ ಹತ್ತುತ್ತದೆ. ಕೇಳದಿದ್ದರೆ ಕೆಲವು ಕಡೆ ಖಡಕ್ ರೊಟ್ಟಿ ಇಟ್ಟುಬಿಡುತ್ತಾರೆ. "ಅಕ್ಕಾ, ಬಿಸಿ ರೊಟ್ಟಿ ಅವ ಏನ್ರಿ?" ಅಂತ ಮೊದಲೇ ಕೇಳಿ. "ಸ್ವಲ್ಪ ತಡೀರಿ" ಅಂದರೆ ತಡೆಯಿರಿ, ಅದು ಒಳ್ಳೆಯ ಲಕ್ಷಣ.

ಎಣ್ಣೆಗಾಯಿಯಲ್ಲಿ ಮೋಸ ಬೇಗ ಸಿಕ್ಕಿಬೀಳುತ್ತದೆ. ತೊಟ್ಟು ಹಿಡಿದು ಎತ್ತಿದಾಗ ಸೀಳಿನೊಳಗೆ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಯ ಮಸಾಲೆ ಕಚ್ಚಿಕೊಂಡಿರಬೇಕು. ಬದನೆ ಬೇರೆ ಬೇಯಿಸಿ ಆಮೇಲೆ ಗ್ರೇವಿಗೆ ಹಾಕಿದರೆ ಒಳಗೆ ಸಪ್ಪೆ, ಹೊರಗೆ ಖಾರ. ಟೊಮೆಟೊ ಗ್ರೇವಿ ಸುರಿದು ಎಣ್ಣೆಗಾಯಿ ಅಂತ ಕೊಡುವ ಹೊಸ ಹೋಟೆಲುಗಳ ಪಕ್ಕ ಖಾನಾವಳಿಯದು ಎಷ್ಟೋ ಮೇಲು. ಶೇಂಗಾ ಹದವಾಗಿ ಹುರಿಯದೆ ಹಸಿ ವಾಸನೆ ಬರುವುದು ಇಲ್ಲಿಯೂ ಒಮ್ಮೊಮ್ಮೆ ಉಂಟು.

ಪುಂಡಿ ಸೊಪ್ಪಿನ ಪಲ್ಯ ನಿಜವಾಗಿ ಖುಷಿ ಕೊಡುತ್ತದೆ. ಜೋಳದ ನುಚ್ಚು ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ; ಹುಳಿ ನಾಲಿಗೆಗೆ ತಾಗಬೇಕು, ಹಲ್ಲು ಚುಳ್ ಅನ್ನಬಾರದು. ಬ್ಯಾಳಿ ಬಗ್ಗೆ ಹೇಳುವುದೇ ಬೇಡ, ತೊಗರಿಯ ಊರು ಇದು. 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ಇಲ್ಲಿಯದು. ಬೇಳೆ ಕರಗುವಷ್ಟು ಬೆಂದಿರುತ್ತದೆ, ಹೆಚ್ಚು ಮಸಾಲೆ ಬೇಕಿಲ್ಲ. ಶೇಂಗಾ ಹಿಂಡಿ ಕುಟ್ಟಿದ್ದೋ ಮಿಕ್ಸಿಯದೋ ನೋಡಿ. ಮಿಕ್ಸಿ ಬಿಸಿಯಾಗಿ ಎಣ್ಣೆ ಬಿಟ್ಟರೆ ಹಿಂಡಿ ಮುದ್ದೆ ಕಟ್ಟುತ್ತದೆ. ಕುಟ್ಟಿದ್ದು ಉದುರು ಉದುರು, ಕೆನೆ ಮೊಸರಲ್ಲಿ ಕಲಸಿದರೆ ಅದೇ ಒಂದು ಪಲ್ಯ. ಪಕ್ಕದಲ್ಲಿ ಉಳ್ಳಾಗಡ್ಡಿ, ಹಸಿ ಮೆಂತ್ಯ, ಸಿಕ್ಕರೆ ಹಕ್ಕರಕಿ ಸೊಪ್ಪು.

ಅನ್ನ, ಸಾರು ಸುಮಾರು. ಬಿಟ್ಟರೆ ನಷ್ಟವಿಲ್ಲ.

ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋಗಿ. ಪಲ್ಯ ಬೆಳಿಗ್ಗೆ ಒಂದೇ ಸಲ ಮಾಡುವುದರಿಂದ ಮೂರರ ಮೇಲೆ ಪುಂಡಿ ಖಾಲಿ, ರಾತ್ರಿಗೆ ಮತ್ತೆ ಬಿಸಿ ಮಾಡಿದ ಎಣ್ಣೆಗಾಯಿ ಕರಗಿ ಹೋಗಿರುತ್ತದೆ. ಡಿಸೆಂಬರಿನಿಂದ ತೊಗರಿ ಬರತೊಡಗಿದರೆ ಗಂಜ್ ಬದಿಯ ಖಾನಾವಳಿಗಳಲ್ಲಿ ಕೂಡಲು ಜಾಗ ಸಿಗುವುದಿಲ್ಲ, ಆಗ ಸ್ಟೇಷನ್ ರಸ್ತೆ ಕಡೆ ನೋಡಿ. ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಕೂತು ಉಣ್ಣುವುದು ಶಿಕ್ಷೆ. ಫ್ಯಾನು ಇದ್ದರೂ ಬಿಸಿಗಾಳಿಯೇ. ಕೆಲವು ಕಡೆ ಕೈ ತೊಳೆಯುವ ಜಾಗ ಇನ್ನೂ ಸುಧಾರಿಸಬೇಕು. ರೊಟ್ಟಿ ಎಷ್ಟು ಬೇಕಾದರೂ ಕೊಡುತ್ತಾರೋ ಎಣಿಸಿ ಕೊಡುತ್ತಾರೋ ಅನ್ನುವುದು ಒಂದೊಂದು ಕಡೆ ಒಂದೊಂದು ರೀತಿ, ಕೂಡುವ ಮೊದಲೇ ಕೇಳಿಕೊಳ್ಳಿ.

ಪಾರ್ಸೆಲ್ ಒಯ್ಯುವವರು ಬಿಸಿ ರೊಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಬೇಡಿ, ಬೆವರಿ ಮೆತ್ತಗಾಗಿ ಹರಿಯುತ್ತದೆ. ಬಟ್ಟೆ ಇಲ್ಲವೇ ಪೇಪರು ಸಾಕು. ದೂರದ ಊರಿಗಾದರೆ ಖಡಕ್ ರೊಟ್ಟಿ, ಹಿಂಡಿ ಒಯ್ಯಿರಿ. ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತವೆ.