ಟೊಳ್ಳು ಮರದ ಸರ್ಫ್‌ಬೋರ್ಡ್ ಕಿಟ್: ದುಡ್ಡು ಕೊಡಬೇಕಾದ್ದು ಮುಳ್ಳಿಗೆ, ಹಲಗೆಗಲ್ಲ

ಮೊದಲ ಸಲ ಮರದ ಸರ್ಫ್‌ಬೋರ್ಡ್ ಕಟ್ಟುವವರಿಗೆ ಬರೀ ನಕ್ಷೆ ಸಾಲದು, ಫ್ರೇಮ್ ಕಿಟ್ಟೇ ಬೇಕು. ಅದೂ ಏಳೂವರೆ ಅಡಿಗಿಂತ ಉದ್ದದ್ದು ತಗೊಳ್ಳಿ. ಗಿಡ್ಡ ಬೋರ್ಡಿನ ಮೂತಿ ಜಾಸ್ತಿ ಮೇಲೆದ್ದಿರುತ್ತದೆ. ಅಲ್ಲಿ ಹಲಗೆ ಬಗ್ಗಿಸಲು ಹೋಗಿ ಸೀಳುವವರೇ ಹೆಚ್ಚು.

ಬಂಗಡೆ ತಿಂದು ಬಿಟ್ಟ ಮುಳ್ಳು ನೋಡಿದವರಿಗೆ ಕಿಟ್ಟಿನಲ್ಲಿ ಏನಿದೆಯೆಂದು ಬಿಡಿಸಿ ಹೇಳಬೇಕಿಲ್ಲ. ನಡುವೆ ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಗೇಣಿಗೊಂದರಂತೆ ಮೆರೈನ್ ಪ್ಲೈವುಡ್ಡಿನ ಪಕ್ಕೆಲುಬು. ಅಮೆರಿಕದ ಟಾಮ್ ಬ್ಲೇಕ್ 1932ರಲ್ಲಿ ಪೇಟೆಂಟ್ ಪಡೆದ ಟೊಳ್ಳು ಬೋರ್ಡಿನ ವಂಶವೇ ಇದು. ಮೇಯ್ನ್ ರಾಜ್ಯದ ಗ್ರೇನ್ ಸರ್ಫ್‌ಬೋರ್ಡ್ಸ್‌ನಂಥವರು ಅದನ್ನು ಮನೆಯಲ್ಲಿ ಜೋಡಿಸುವ ಕಿಟ್ ಮಾಡಿದರು. ಯಂತ್ರದಲ್ಲಿ ಕತ್ತರಿಸಿದ ಈ ಮುಳ್ಳಿಗೇ ಕಿಟ್ಟಿನ ಬೆಲೆ ಸಲ್ಲಬೇಕು. ಕೈಯಲ್ಲಿ ಕತ್ತರಿಸಿದರೆ ಎರಡು ಮಿಲಿಮೀಟರ್ ತಪ್ಪಿದರೂ ಸಾಕು, ಬೋರ್ಡ್ ತಿರುಚಿಕೊಳ್ಳುತ್ತದೆ.

ಹಲಗೆಯನ್ನು ಬೇರೆ ಕಡೆ ಕೊಂಡರೂ ನಡೆಯುತ್ತದೆ, ಆದರೆ ತೂಕ ನೋಡಿ. ಕಿಟ್ಟಿಗೆ ಬರುವ ಬಿಳಿ ಸೀಡರ್ ಘನಮೀಟರಿಗೆ ಸುಮಾರು 350 ಕಿಲೋ, ಪೌಲೋನಿಯಾ ಮರ ಇನ್ನೂ ಹಗುರ. ನಮ್ಮ ಸಾಗುವಾನಿ, ಹಲಸು ಹೆಚ್ಚುಕಡಿಮೆ ಸೀಡರಿನ ಎರಡರಷ್ಟು ಭಾರ. ದಪ್ಪ 6 ಮಿಲಿಮೀಟರ್ ಇದ್ದರೆ ಸರಿ.

ಕೈಪಿಡಿಗಳು ಸಾಮಾನ್ಯವಾಗಿ ಸೋಲುವುದು ಅಂಚಿನ ಕೆಲಸದಲ್ಲಿ. ಒಂದು ಬದಿ ಉಬ್ಬು, ಇನ್ನೊಂದು ಬದಿ ತಗ್ಗು ಇರುವ ಸಣ್ಣ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಹೋಗಬೇಕು. ಅದಕ್ಕೆ ಮೂವತ್ತು ನಲವತ್ತು ಕ್ಲ್ಯಾಂಪ್ ಬೇಕು, ಕಿಟ್ಟಿನಲ್ಲಿ ಒಂದೂ ಇರುವುದಿಲ್ಲ. ನಾಲ್ಕಿಂಚಿನ ಪಿವಿಸಿ ಪೈಪನ್ನು ಇಂಚಿಂಚು ಅಗಲದ ಬಳೆಗಳಾಗಿ ಕತ್ತರಿಸಿ, ಪ್ರತಿ ಬಳೆಯನ್ನೂ ಒಂದು ಕಡೆ ಸೀಳಿ. ಬಾಯಿ ಅಗಲಿಸಿ ಪಟ್ಟಿಗೆ ಸಿಕ್ಕಿಸಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಾಲ್ಕು ಬೆರಳಿಗೊಂದು ಹಾಕಿ. ಅಂಟು ನೀರಿಗೆ ಬಿಡದ ಪಿವಿಎ (ಬಡಗಿಗಳು ಬಳಸುವ ಮರದ ಅಂಟು) ಆಗಿರಲಿ, ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಅದು ಒಣಗಿದ ಜಾಗದಲ್ಲಿ ಕೊನೆಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಗಟ್ಟಿಯಾಗುವ ರಾಳ) ಹಚ್ಚಿದಾಗ ಬಿಳಿ ಕಲೆ ಎದ್ದು ಕಾಣುತ್ತದೆ. ಕೀಸುಳಿ ಹಾಕುವಾಗ ಬೆರಳಲ್ಲಿ ತಟ್ಟುತ್ತಿರಿ. ಸದ್ದು ತೆಳುವಾದರೆ ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ತೂತು.

ಮೇಲಿನ ಹಲಗೆ ಮುಚ್ಚುವ ಮುನ್ನ ಫಿನ್ (ತಳದ ರೆಕ್ಕೆ), ಲೀಶ್ (ಕಾಲಿಗೆ ಕಟ್ಟುವ ಹಗ್ಗ), ವೆಂಟ್ (ಒಳಗಿನ ಗಾಳಿ ಬಿಡುವ, ಸ್ಕ್ರೂ ಹಾಕಿ ಮುಚ್ಚುವ ತೂತು) ಈ ಮೂರರ ಜಾಗದಲ್ಲೂ ಒಳಗೆ ಮರದ ಗಟ್ಟಿ ಅಂಟಿಸಿರಬೇಕು. ಮರೆತರೆ ಆಮೇಲೆ ಕೈ ಹಾಕಲು ದಾರಿಯಿಲ್ಲ. ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಪಕ್ಕೆಲುಬುಗಳಲ್ಲೂ ಗಾಳಿ ಹಾಯುವ ತೂತು ಇದೆಯೇ ನೋಡಿಕೊಳ್ಳಿ.

ಬೋರ್ಡಿಗೆ ಎಪಾಕ್ಸಿಯೊಂದಿಗೆ ಹೊದಿಸುವ ಗಾಜಿನ ನಾರಿನ ಬಟ್ಟೆ (ಫೈಬರ್‌ಗ್ಲಾಸ್) ನಾಲ್ಕು ಔನ್ಸಿನದು, ತಳಕ್ಕೆ ಒಂದು ಪದರ, ನಿಲ್ಲುವ ಕಡೆ ಎರಡು. ಎಪಾಕ್ಸಿ ಸುಮಾರು ಮೂರು ಲೀಟರ್ ಬೇಕು. ಬೆಳಗ್ಗೆ ಹಚ್ಚಬೇಡಿ: ಬಿಸಿಲೇರಿದಂತೆ ಟೊಳ್ಳಿನೊಳಗಿನ ಗಾಳಿ ಹಿಗ್ಗಿ ಮರದ ಸಂದಿಯಿಂದ ಗುಳ್ಳೆ ಏಳಿಸುತ್ತದೆ. ಸಂಜೆ, ಮರ ತಣಿಯುತ್ತಿರುವಾಗ ಹಚ್ಚಿದರೆ ಅದೇ ಗಾಳಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೂಲ್ಕಿ, ಸಸಿಹಿತ್ಲು ಕಡೆಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯದಿರುವುದು ಒಳ್ಳೆಯದು. ತೇವಕ್ಕೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರಿನಲ್ಲಿ ತೊಳೆಯದೆ ಸ್ಯಾಂಡ್ ಪೇಪರ್ ಹಾಕಿದರೆ ಮುಂದಿನ ಪದರ ಹಿಡಿಯುವುದಿಲ್ಲ.

ತೂಕ ಫೋಮ್ ಬೋರ್ಡಿಗಿಂತ ಎರಡು ಮೂರು ಕಿಲೋ ಜಾಸ್ತಿಯೇ. ಚುರುಕಾಗಿ ತಿರುಗಿಸುವವರಿಗೆ ಇದು ಹಿಡಿಸದು, ಉದ್ದ ಅಲೆಯಲ್ಲಿ ಜಾರುವವರಿಗೆ ಹಿಡಿಸುತ್ತದೆ. ಅರವತ್ತು ಎಂಬತ್ತು ಗಂಟೆಯ ಕೆಲಸ. ವಾರಾಂತ್ಯವೊಂದರಲ್ಲಿ ಮುಗಿಯುತ್ತದೆಂದು ಯಾರಾದರೂ ಹೇಳಿದರೆ ಅವರು ಅಂಟು ಒಣಗುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ವೆಂಟಿನ ಸ್ಕ್ರೂ ನೀರಿಗಿಳಿಯುವಾಗ ಬಿಗಿ, ದಡಕ್ಕೆ ಬಂದೊಡನೆ ಸಡಿಲ. ಮುಚ್ಚಿದ ಬೋರ್ಡನ್ನು ಬಿಸಿಲಲ್ಲಿ ಬಿಟ್ಟರೆ ಜೋಡಣೆ ಬಿರಿಯುತ್ತದೆ. ಕಿಟ್ಟಿನಲ್ಲಿ ಈ ಸ್ಕ್ರೂ ಒಂದೇ ಇದ್ದರೆ ಇನ್ನೊಂದನ್ನು ಮೊದಲೇ ತರಿಸಿಡಿ. ಮರಳಲ್ಲಿ ಬಿದ್ದದ್ದು ಸಿಗುವುದಿಲ್ಲ.