2 ಎಚ್‌ಪಿ ನುಚ್ಚಿನ ಮಿಲ್ಲು: ಹಾಲಿನ ಮೇಕೆ ಸಾಕುವವರು ಮೊದಲು ಜರಡಿ ಬದಲಿಸಿ

ಸಿಂಗಲ್ ಫೇಸ್‌ನಲ್ಲಿ ಓಡುವ ಈ ಹ್ಯಾಮರ್ ಮಿಲ್ಲು (ಒಳಗೆ ತಿರುಗುವ ಕಬ್ಬಿಣದ ಪಟ್ಟಿಗಳು ಕಾಳನ್ನು ಬಡಿದು ಒಡೆಯುವಂಥದ್ದು) ವರ್ಷಗಟ್ಟಲೆ ಓಡಿಸಿದರೂ ಮೋಟಾರು, ಬಾಡಿ ಎರಡೂ ಗಟ್ಟಿ. ತಕರಾರು ಇರುವುದು ಜರಡಿಯದು. ಒಳಗೆ ಕೂರಿಸಿ ಕಳಿಸುವುದು 1 ಎಂಎಂ ಜರಡಿ. ಮುಸುಕಿನ ಜೋಳ ರೊಟ್ಟಿ ಹಿಟ್ಟಿನಷ್ಟು ನುಣ್ಣಗೆ ಬರುತ್ತದೆ. ಹಾಲಿನ ಮೇಕೆಗೆ ಬೇಡವಾದದ್ದೇ ಅದು.

ಹಿಟ್ಟಾದ ಪಿಷ್ಟ ಮೇಕೆಯ ಮೊದಲ ಹೊಟ್ಟೆಯಲ್ಲಿ ಒಂದೇ ಸಲ ಹುದುಗಿ ಆಮ್ಲ ಏರುತ್ತದೆ. ಹಿಟ್ಟಿಗೆ ಮೆಲುಕು ಬೇಡ, ಮೆಲುಕಿಲ್ಲದಿದ್ದರೆ ಜೊಲ್ಲೂ ಕಡಿಮೆ. ಆಮ್ಲ ತಗ್ಗಿಸುವ ಬೈಕಾರ್ಬನೇಟ್ ಬರುವುದೇ ಜೊಲ್ಲಿನಿಂದ. ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) 6ಕ್ಕಿಂತ ಇಳಿದಾಗಲೇ ನಾರು ಕರಗಿಸುವ ಬ್ಯಾಕ್ಟೀರಿಯಾ ಮಂಕಾಗುತ್ತವೆ, 5.5ಕ್ಕಿಂತ ಕೆಳಗೆ ಹೋದರೆ ಅಸಿಡೋಸಿಸ್, ಅಂದರೆ ಹೊಟ್ಟೆಯ ಆಮ್ಲ ಮಿತಿಮೀರುವ ಕಾಯಿಲೆ. ಬಿಡಿಬಿಡಿಯಾಗಿ ಬೀಳಬೇಕಾದ ಹಿಕ್ಕೆ ಅಂಟಿಕೊಂಡು ಮುದ್ದೆಯಾಗುವುದು, ಹುಳಿ ವಾಸನೆ, ಹಾಲಿನ ಕೊಬ್ಬು ಇಳಿಯುವುದು, ಒಂದು ಹೊತ್ತು ತಿಂದು ಇನ್ನೊಂದು ಹೊತ್ತು ಬಿಡುವುದು ಇದರ ಗುರುತು. ಇಟಿ (ಕರುಳು ಬೇನೆ) ಲಸಿಕೆ ಹಾಕಿಸಿದ್ದೇವೆ ಎಂದು ಧೈರ್ಯವಾಗಿರಬೇಡಿ, ಆ ಲಸಿಕೆ ಅಸಿಡೋಸಿಸ್ ತಡೆಯುವುದಿಲ್ಲ.

ಮುಸುಕಿನ ಜೋಳಕ್ಕೆ 6 ಎಂಎಂ ಜರಡಿ ಹಾಕಿ, ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ಹಲ್ಲು ಗಟ್ಟಿಯಿರುವ ಮೇಕೆಗೆ ಇಡೀ ಕಾಳೂ ನಡೆಯುತ್ತದೆ, ದನಕ್ಕಿಂತ ಚೆನ್ನಾಗಿ ಅಗಿಯುತ್ತದೆ. ಹುರುಳಿಗೆ 3 ಎಂಎಂ. ರಾಗಿ ಮಾತ್ರ ಹಲ್ಲಿಗೆ ಸಿಗದೆ ಜಾರಿ ಹಿಕ್ಕೆಯಲ್ಲಿ ಹಾಗೇ ಬರುತ್ತದೆ, ಆ 1 ಎಂಎಂ ಜರಡಿಗೆ ಕೆಲಸ ಇಲ್ಲಿ. ರಾಗಿ ಹಿಟ್ಟಾಗುವುದರಿಂದ ಮಿಶ್ರಣದ ಹತ್ತರಲ್ಲಿ ಒಂದು ಪಾಲು ದಾಟಿಸಬೇಡಿ.

10 ಕೆಜಿ ಮಿಶ್ರಣಕ್ಕೆ ಜೋಳದ ನುಚ್ಚು 4 ಕೆಜಿ, ಕಡಲೆಕಾಯಿ ಹಿಂಡಿ 2.5, ಗೋಧಿ ಬೂಸಾ 2.2, ಹುರುಳಿ 1 ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಒಂದೂವರೆ ಲೀಟರ್ ಹಾಲಿನ ಮೇಕೆಗೆ ದಿನಕ್ಕೆ 600–700 ಗ್ರಾಂ, ಎರಡು ಹೊತ್ತಿಗೆ ಹಂಚಿ. ಮೊದಲು ರಾಗಿ ಹುಲ್ಲೋ ಅವರೆ ಹೊಟ್ಟೋ ತಿನ್ನಲಿ, ಆಮೇಲೆ ನುಚ್ಚು. ಹೊಸ ಮಿಶ್ರಣಕ್ಕೆ ಹತ್ತು–ಹದಿನಾಲ್ಕು ದಿನದಲ್ಲಿ ನಿಧಾನವಾಗಿ ಒಗ್ಗಿಸಿ. ಅಂದಹಾಗೆ, ಮಂಡ್ಯ ಕಡೆ ಬೀಗರ ಊಟ ಮುಗಿದ ಮರುದಿನ ಉಳಿದ ಅನ್ನ ಬಕೆಟ್‌ಗಟ್ಟಲೆ ಕೊಟ್ಟಿಗೆಗೆ ಬರುತ್ತದಲ್ಲ, ಅದು ಹಿಟ್ಟಿಗಿಂತ ಕೆಟ್ಟದ್ದು. ಬೆಂದ ಪಿಷ್ಟ ಇನ್ನೂ ಬೇಗ ಹುದುಗುತ್ತದೆ.

ಮಿಲ್ಲಿನ ವಿಚಾರಕ್ಕೆ ಬಂದರೆ, ಹ್ಯಾಮರ್ ಅಂಚು ಸವೆದು ದುಂಡಗಾದಾಗ 6 ಎಂಎಂನಲ್ಲೂ ದೂಳು ಜಾಸ್ತಿ, ನುಚ್ಚೂ ಬಿಸಿಯಾಗುತ್ತದೆ. ತಿರುಗಿಸಿ ಹಾಕಿದರೆ ಇನ್ನೊಂದು ಅಂಚು ಸಿಗುತ್ತದೆ. ಹಾಪರ್ ಬಾಯಿಗೆ ಅಯಸ್ಕಾಂತ ಇಲ್ಲ, ಮೊಳೆ ಒಳಗೆ ಹೋದರೆ ಜರಡಿ ಹರಿಯುತ್ತದೆ. ಕೊಂಡ ದಿನವೇ ಒಂದು ಹಾಕಿಸಿ. ವೋಲ್ಟೇಜ್ ಇಳಿದಾಗ ಮೋಟಾರು ಗುಂಯ್ ಎಂದು ನಿಂತರೆ ತಕ್ಷಣ ಆಫ್ ಮಾಡಿ, ಇಲ್ಲವಾದರೆ ಕೆಪಾಸಿಟರ್ ಹೋಗುತ್ತದೆ. ಕಚ್ಚಿದರೆ ಕಟಕ್ ಎನ್ನದ ಹಸಿ ಜೋಳ ಹಾಕಬೇಡಿ, ಜರಡಿ ಮೆತ್ತಿಕೊಳ್ಳುತ್ತದೆ, ನುಚ್ಚಿಗೆ ಬೂಷ್ಟು ಹಿಡಿಯುತ್ತದೆ. ಒಡೆದದ್ದನ್ನು ವಾರದೊಳಗೆ ಖಾಲಿ ಮಾಡಿ.

ಎರಡು ಮೂರು ಮೇಕೆ ಇದ್ದವರಿಗೆ ಈ ಮಿಲ್ಲು ದಂಡ. ಊರಿನ ಹಿಟ್ಟಿನ ಮಿಲ್ಲಿನಲ್ಲಿ ಕಲ್ಲು ಸಡಿಲಿಸಿ ದಪ್ಪಗೆ ಒಡೆಸಿಕೊಂಡು ಬನ್ನಿ.