ಒಂಬತ್ತು ಸಾವಿರ ಫೋಟೊ, ಒಂದು ಡೈರಿ: ಟಿಡ್ಲಿವಿಕಿಯೋ, ಜಾಪ್ಲಿನ್ನೋ, ಆಬ್ಸಿಡಿಯನ್ನೋ?

ನಮ್ಮ ಮನೆ ಗಂಗಾವತಿಯಲ್ಲಿ. ರಜೆ ಸಿಕ್ಕಿದರೆ ಹಿರೇಬೆಣಕಲ್ಲಿನ ಮೋರೇರ ಬೆಟ್ಟ, ಇಟಗಿ, ಕುಕನೂರು ಅಂತ ಸುತ್ತಿ ಫೋಟೊ ತೆಗೆಯುತ್ತೇನೆ. ಒಂಬತ್ತು ಸಾವಿರ ದಾಟಿವೆ. ಕಂಡದ್ದನ್ನು ಬರೆದಿಡೋ ಡೈರಿಯೂ ಕಂಪ್ಯೂಟರಿನಲ್ಲೇ ಇದೆ. ಬರಹದ ಪಕ್ಕದಲ್ಲೇ ಅದರ ಫೋಟೊ ಸಿಗಬೇಕು, ಅಷ್ಟೇ ನನಗೆ ಬೇಕಾದದ್ದು.

ಅದಕ್ಕೆ ಟಿಪ್ಪಣಿ ಬರೆದಿಡೋ ಮೂರು ಸಾಫ್ಟ್‌ವೇರ್ ಬಳಸಿ ನೋಡಿದೆ. ಮೊದಲು ಹಿಡಿದದ್ದು ಟಿಡ್ಲಿವಿಕಿ. ಇಡೀ ಡೈರಿ ಒಂದೇ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲು. ಬರೀ ಬರಹಕ್ಕಾದರೆ ಈಗಲೂ ನನಗೆ ಅದೇ ಇಷ್ಟ. ಫೋಟೊ ಎಳೆದು ಹಾಕಿದರೆ ಮಾತ್ರ ಅದು ಅಕ್ಷರಗಳ ಸಾಲಾಗಿ ಆ ಫೈಲಿನೊಳಗೇ ಸೇರುತ್ತದೆ. ಮೂರು ಬೈಟಿಗೆ ನಾಲ್ಕು ಅಕ್ಷರ, ಅಂದರೆ 3 ಎಂಬಿ ಫೋಟೊ 4 ಎಂಬಿ ಆಗುತ್ತದೆ. ಇಟಗಿಯ ನೂರು ಫೋಟೊ ಹಾಕುವಷ್ಟರಲ್ಲಿ ಫೈಲು 400 ಎಂಬಿ ಮುಟ್ಟಿತು. ಒಂದು ಕಾಗುಣಿತ ತಿದ್ದಿದರೂ ಅಷ್ಟನ್ನೂ ಮತ್ತೆ ಸೇವ್ ಮಾಡಬೇಕಲ್ವಾ! ಫೋಟೊ ಹೊರಗಿಟ್ಟು ಅದರ ವಿಳಾಸ ಮಾತ್ರ ಕೊಡಲಿಕ್ಕೂ ಬರುತ್ತದೆ. ಒಂದೊಂದಕ್ಕೂ ಕೈಯಿಂದ ತುಂಬುತ್ತಾ ಹೋದೆ, ನಲವತ್ತಕ್ಕೇ ಸಾಕಾಯಿತು.

ಜಾಪ್ಲಿನ್ ಹಗುರ, ಫೋನಿನಲ್ಲೂ ಸಲೀಸು. ಆದರೆ ಅದು ಪ್ರತಿ ಫೋಟೊಗೂ 32 ಅಕ್ಷರ-ಅಂಕಿಯ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಆ ಫೋಲ್ಡರ್ ತೆರೆದರೆ ಯಾವುದು ಇಟಗಿ, ಯಾವುದು ಕುಕನೂರು ಅಂತ ಹೆಸರು ನೋಡಿ ಹೇಳಲಿಕ್ಕಾಗುವುದಿಲ್ಲ. ದೊಡ್ಡ ಫೋಟೊ ಹಾಕುವಾಗ ಸಣ್ಣದು ಮಾಡಲಾ ಅಂತಲೂ ಕೇಳುತ್ತದೆ. ನಾನು ಸರಿಯಾಗಿ ಓದದೆ ಹೂಂ ಅಂದುಬಿಟ್ಟಿದ್ದೆ. ಇಟಗಿಯ ಮಹಾದೇವ ಗುಡಿ 1112ರದ್ದು. ಅದರ ಕಂಬಗಳ ಮೇಲೆ ಕೂದಲೆಳೆಯಂಥ ಗೆರೆಗಳಿವೆ. ಆಮೇಲೆ ದೊಡ್ಡದು ಮಾಡಿ ನೋಡಿದರೆ ಗೆರೆ ಇದ್ದ ಕಡೆ ಬರೀ ಮಸುಕು. ಹಳೇ ಹಾರ್ಡ್‌ಡಿಸ್ಕಿನಲ್ಲಿ ಮೂಲ ಫೋಟೊ ಸಿಗುವ ತನಕ ಜೀವ ಜೀವದಲ್ಲಿರಲಿಲ್ಲ.

ಈಗ ನೆಚ್ಚಿಕೊಂಡಿರೋದು ಆಬ್ಸಿಡಿಯನ್ನನ್ನು. ಬರಹ ಸಾದಾ ಟೆಕ್ಸ್ಟ್ ಫೈಲು, ಫೋಟೊ ಫೋಟೊ ಆಗಿಯೇ ಫೋಲ್ಡರಿನಲ್ಲಿ ಇರುತ್ತದೆ. ಹೆಸರು ನಾನೇ ಇಡುತ್ತೇನೆ: ತಾರೀಖು, ಊರು, ವಿಷಯ. ಲಿಂಕಿನಲ್ಲಿ ಫೋಟೊ ಹೆಸರಾದ ಮೇಲೆ ಒಂದು ನಿಂತ ಗೆರೆ (|) ಎಳೆದು 400 ಅಂತ ಬರೆದರೆ ಪುಟದಲ್ಲಿ ಅಷ್ಟಗಲ ಕಾಣುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ. ಹೆಸರು ಬದಲಿಸೋದಿದ್ದರೆ ಆಬ್ಸಿಡಿಯನ್ ಒಳಗಿಂದಲೇ ಬದಲಿಸಿ, ಲಿಂಕುಗಳೂ ಜೊತೆಗೇ ಬದಲಾಗುತ್ತವೆ. ಹೊರಗಿನಿಂದ ಬದಲಿಸಿದರೆ ಲಿಂಕು ಕಡಿದುಹೋಗುತ್ತದೆ.

ಸಾವಿರಾರು ಫೋಟೊ ಒಟ್ಟಿಗೆ ಹರಡಿಕೊಂಡು ನೋಡಲಿಕ್ಕೆ ಅದು ಸಾಲದು. ಅದಕ್ಕೆ ಅದೇ ಫೋಲ್ಡರನ್ನು ಡಿಜಿಕ್ಯಾಮ್ ಅನ್ನೋ ಫೋಟೊ ಜೋಡಿಸಿಡೋ ಸಾಫ್ಟ್‌ವೇರಿನಲ್ಲಿ ತೆರೆಯುತ್ತೇನೆ. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಹಾಕಿದ ಟ್ಯಾಗನ್ನು, ಅಂದರೆ ಗುರುತಿನ ಪದವನ್ನು, ಫೋಟೊ ಫೈಲಿನೊಳಗೇ ಬರೆಸಬಹುದು. ನಾಳೆ ಡೈರಿಯ ಸಾಫ್ಟ್‌ವೇರ್ ಬದಲಾದರೂ ಟ್ಯಾಗು ಫೋಟೊ ಜೊತೆಗೇ ಬರುತ್ತದೆ. ನನಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟದ್ದು ಇದೇ.

ಮೊನ್ನೆ ‘ಕಿಂಡಿ’ ಅನ್ನೋ ಟ್ಯಾಗು ಒತ್ತಿದೆ. ಮೋರೇರ ಬೆಟ್ಟದ ಕಲ್ಲಿನ ಮನೆಗಳ ದುಂಡು ಕಿಂಡಿಗಳೆಲ್ಲ ಸಾಲಾಗಿ ಬಂದವು. ಒಂದೇ ಕಿಂಡಿ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ಎರಡನ್ನೂ ಡೈರಿಯ ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟೆ. ಇಟಗಿಯ ಕಂಬಗಳಿಗೆ ಹೆಸರಿಡೋದು ಇನ್ನೂ ಬಾಕಿ ಇದೆ.